ಅವಾಲಿಯಿಂದ ಹಿಮನದಿ ನೋಡಲು ಹೋದದ್ದು

ಉಡುಪಿಯಿಂದ ಕುಂದಾಪುರದವರೆಗೆ ನಮ್ಮ ಮನೆಯವರ ಮಾತಿಗೆ ಯಾರೂ ಸಾಕ್ಷಿ ಕೇಳಿದ್ದಿಲ್ಲ. ಅಜ್ಜ ತಾಲೂಕು ಬೋರ್ಡಿನ ಸದಸ್ಯರಾಗಿದ್ದರು. ತಂದೆ ವಕೀಲರು, ಕೋರ್ಟಿನಲ್ಲಿ ಅವರೆದುರು ಸೋತವರೂ ಮಗಳಿಗೆ ನೋಡಿದ ಹುಡುಗ ಹೇಗೆ ಎಂದು ಅವರನ್ನೇ ವಿಚಾರಿಸುತ್ತಿದ್ದರು. ನಾನು ಮಂಗಳೂರಿನ ಕಾನ್ವೆಂಟಿನಲ್ಲಿ ಓದಿದವಳು. ಅಲ್ಲಿ ಸುಳ್ಳು ಹೇಳಿದವರನ್ನು ಮಳೆಗಾಲದಲ್ಲೂ ಅಂಗಳದಲ್ಲಿ ನಿಲ್ಲಿಸುತ್ತಿದ್ದರು. ಇಷ್ಟೆಲ್ಲ ಇದ್ದರೂ ನಗುವಂಥ ಸಂಗತಿಗಳು ನನ್ನನ್ನು ಹುಡುಕಿಕೊಂಡು ಬರುತ್ತಲೇ ಇರುತ್ತವೆ.

ನಾವೀಗ ಇರುವುದು ಬಹ್ರೈನಿನ ಅವಾಲಿಯಲ್ಲಿ. ಈ ಬೇಸಿಗೆ ರಜೆಯಲ್ಲಿ ನಾನೂ ಯಜಮಾನರೂ ಅಲಾಸ್ಕಾದ ಕಡೆ ಹಡಗಿನಲ್ಲಿ ಹೋಗಿ, ಒಂದಿಡೀ ದಿನ ಹಿಮನದಿ ನೋಡಿ ಬಂದೆವು. ನಾನು ಅದನ್ನು ನೋಡಿಯೇ ಇಲ್ಲವೆಂದು ಮೊನ್ನೆ ನಮ್ಮ ಮಹಿಳಾ ಕೂಟದಲ್ಲಿ ಒಬ್ಬರು ಎಲ್ಲರೆದುರು ಹೇಳಿದರು. ಆದ್ದರಿಂದ ಆ ದಿನ ಏನೇನಾಗುತ್ತದೆ ಎಂದು ಬರೆಯುತ್ತಿದ್ದೇನೆ. ಮುಂದೆ ಹೋಗುವವರಿಗೆ ಉಪಯೋಗ; ಹೇಳಿದವರಿಗೆ ಉತ್ತರ.

೧. ಕೋಟು

ಇಲ್ಲಿಂದ ಸೌದಿಗೆ ಸಮುದ್ರದ ಮೇಲೆ ಸೇತುವೆ ಕಟ್ಟುತ್ತಿರುವುದರಿಂದ ರಾಜಧಾನಿ ಮನಾಮದ ಅಂಗಡಿಗಳಲ್ಲಿ ಕೆಲಸಗಾರರ ಹೆಲ್ಮೆಟ್ ಬೇಕಾದಷ್ಟು ಸಿಗುತ್ತದೆ. ಜುಲೈಯಲ್ಲಿ ಉಣ್ಣೆಯ ಕೋಟು ಕೇಳಿದರೆ ಮಾತ್ರ ಮುಖ ಮುಖ ನೋಡುತ್ತಾರೆ. ಕೊನೆಗೆ ನೆರೆಮನೆಯ ಇಂಗ್ಲಿಷ್ ಹೆಂಗಸು ಊರಿಗೆ ಮರಳುವಾಗ ಬಿಟ್ಟುಹೋಗಿದ್ದ ಒಂದು ಕೋಟು ಸಿಕ್ಕಿತು. ಅದು ಚಳಿ ತಡೆಯುತ್ತದೋ ಇಲ್ಲವೋ, ಅವಾಲಿಯ ಬಿಸಿಲಿನಲ್ಲಿ ಹೇಗೆ ತಿಳಿಯಬೇಕು? ಪರೀಕ್ಷೆ ಮಾಡದೆ ನಾನು ಯಾವುದನ್ನೂ ಒಪ್ಪುವವಳಲ್ಲ. ದಿನಸಿ ತರುವ ಕೋಲ್ಡ್ ಸ್ಟೋರಿನ ಮಲಯಾಳಿಗೆ ಹೇಳಿ, ಮೀನು ಮಾಂಸ ಇಡುವ ಅವನ ತಣ್ಣನೆಯ ಕೋಣೆಯೊಳಗೆ ಕೋಟು ತೊಟ್ಟು ನಿಂತೆ. ಹೊರಗೆ ಬಂದಾಗ ಅವನು ಆತಂಕದಿಂದ ಹಿಂದಿಯಲ್ಲಿ ಕೇಳಿದ, "ಹೇಗುಂಟು ಮೇಡಂ ಕೋಟು?"

"ಕೋಟು ಅಡ್ಡಿಯಿಲ್ಲ," ಎಂದೆ. "ಇವತ್ತೇ ಬಂದದ್ದು ಎಂದು ನೀನು ದಿನಾ ಹೇಳುವ ಅಂಜಲ್ ಮೀನಿಗೆ ಮಂಜಿನ ಗಡ್ಡ ಬೆಳೆದಿದೆ."

೨. ಕರವಸ್ತ್ರ

ಹಿಮನದಿಯ ದಿನ ಹಡಗು ಯಾವ ಊರಿನಲ್ಲೂ ನಿಲ್ಲುವುದಿಲ್ಲ. ಬೆಳಿಗ್ಗೆಯೇ ಕಿರಿದಾದ ಕೊಲ್ಲಿಯೊಳಗೆ ನುಗ್ಗಿ, ಮೆಲ್ಲ ಮೆಲ್ಲ ಹಿಮದ ಗೋಡೆಯ ಬಳಿಗೆ ಹೋಗುತ್ತದೆ. ಯಜಮಾನರು ಕಾಲೇಜಿಗೆ ಬಸ್ಸಿನಲ್ಲಿ ಹೋಗಿ ಬಂದು ಬೆಳೆದವರು. ಕಿಟಕಿಯಿಂದ ಕರವಸ್ತ್ರ ಎಸೆದು ಸೀಟು ಹಿಡಿಯುವ ವಿದ್ಯೆ ಅವರಿಗೆ ಕರಗತ. ತಿಂಡಿಗೆ ಮೊದಲೇ ಡೆಕ್ಕಿಗೆ ಹೋಗಿ, ಎಡಗಡೆಯ ಕಂಬಿಗೆ ಕರವಸ್ತ್ರ ಕಟ್ಟಿ ಬಂದರು.

"ಇನ್ನು ನಿಧಾನ ತಿನ್ನು. ಜಾಗ ನಮ್ಮದೇ."

ನಾವು ಮೇಲೆ ಹೋಗುವಾಗ ಹಡಗು ತಿರುಗಿ ನಿಂತಿತ್ತು. ಹಿಮನದಿ ಬಲಗಡೆ. ಅವರು ಕಟ್ಟಿಟ್ಟ ಜಾಗದೆದುರು ಬರೀ ಬಂಡೆ. ಹೋಗುವವರು ಇದನ್ನು ನೆನಪಿಡಿ: ಹಡಗು ತಾನಾಗಿಯೇ ಸುತ್ತ ತಿರುಗಿ ಎರಡೂ ಬದಿಯವರಿಗೆ ತೋರಿಸುತ್ತದೆ, ನೂಕಾಡುವ ಅಗತ್ಯವಿಲ್ಲ. ಎಡಗಡೆಯ ಸರದಿ ಬರುವಷ್ಟರಲ್ಲಿ ಕರವಸ್ತ್ರವೇ ಕಾಣಲಿಲ್ಲ. ಸಂಜೆ ನಮ್ಮ ಕೋಣೆಗೆ ಬಂತು, ಒಗೆದು, ಇಸ್ತ್ರಿ ಹಾಕಿ, ಹ್ಯಾಂಗರಿಗೆ ತೂಗುಹಾಕಿ.

"ನೋಡಿ, ನಮ್ಮೂರ ಬಸ್ಸಿನಲ್ಲಿ ಸೀಟು ಮಾತ್ರ ಸಿಗುತ್ತಿತ್ತು," ಎಂದೆ.

೩. ಶಬ್ದ

ಹಿಮದ ಬಣ್ಣ ಬಿಳಿಯೆಂದು ಭಾವಿಸಿ ಹೋಗಬೇಡಿ. ಬಿರುಕಿನೊಳಗೆ ಅದು ನೀಲಿ, ಹೊಸ ಶಾಯಿಯ ನೀಲಿ. ಡೆಕ್ಕಿನ ಮೇಲೆ ಕಂಬಳಿ ಕೊಡುತ್ತಾರೆ, ಬಟಾಣಿ ಸೂಪು ಕೊಡುತ್ತಾರೆ. ಸೂಪಿಗೆ ಉಪ್ಪು ಸಾಲದು. ಆಮೇಲೆ ಎಲ್ಲರೂ ಉಸಿರು ಬಿಗಿಹಿಡಿದು ಕಾಯುವುದು, ಗೋಡೆಯಿಂದ ಹಿಮದ ತುಂಡು ಕಳಚಿ ಸಮುದ್ರಕ್ಕೆ ಬೀಳುವುದನ್ನು ನೋಡಲಿಕ್ಕೆ. ಮೊದಲು ಬೀಳುತ್ತದೆ, ಗುಡುಗು ಆಮೇಲೆ ಕೇಳುತ್ತದೆ. ಶಬ್ದ ಕೇಳಿ ತಿರುಗಿದವರಿಗೆ ನೀರಿನ ಚಿಮ್ಮು ಮಾತ್ರ.

ನಾನು ಯಜಮಾನರಿಗೆ ಕಿವಿಗೆ ಮಫ್ಲರ್ ಸುತ್ತಿಕೊಳ್ಳಿ ಎಂದು ಹೇಳುತ್ತಿದ್ದೆ.

"ಬಿತ್ತು," ಎಂದರು ಅವರು.

"ಎಂತದು? ಮಫ್ಲರಾ?"

"ಮೂರು ಮಾಳಿಗೆಯಷ್ಟು ಎತ್ತರದ್ದು ಬಿತ್ತು, ಮಾರಾಯ್ತಿ. ನೀನು ಮಾತಾಡ್ತಾ ಇದ್ದೆ."

ಇನ್ನೊಬ್ಬರು ಮಾತಾಡುವಾಗ ನಡುವೆ ಬಾಯಿ ಹಾಕಬಾರದೆಂದು ಸಿಸ್ಟರುಗಳು ನಮಗೆ ಕಲಿಸಿದ್ದರು. ಹಿಮನದಿ ಕಾನ್ವೆಂಟಿಗೆ ಹೋದದ್ದಲ್ಲ. ಮುಂದಿನ ಎರಡು ತುಂಡುಗಳನ್ನು ನಾನು ಬಾಯಿ ಮುಚ್ಚಿ, ಕಣ್ಣು ಬಿಟ್ಟು, ಪೂರ್ತಿಯಾಗಿ ನೋಡಿದೆ. ನಮ್ಮ ದಾಂಪತ್ಯದಲ್ಲಿ ಅಷ್ಟು ದೀರ್ಘ ಮೌನ ಅದೇ ಮೊದಲೆಂದು ಯಜಮಾನರು ಹಿಮನದಿಗೆ ಕೈಮುಗಿದರು.

೪. ನೀರು

ಮಧ್ಯಾಹ್ನ ನಾವಿಕರು ತೇಲುತ್ತಿದ್ದ ಹಿಮದ ಗಟ್ಟಿಯೊಂದನ್ನು ಬಲೆ ಹಾಕಿ ಎತ್ತಿ, ಮುಟ್ಟಿ ನೋಡಲೆಂದು ಡೆಕ್ಕಿನ ಮೇಜಿನ ಮೇಲಿಟ್ಟರು. ಕಾಶಿಗೆ ಹೋದವರು ಗಂಗೆ ತರುವ ಹಾಗೆ, ಸ್ವಲ್ಪ ತನ್ನಿ ಎಂದು ಬಹ್ರೈನಿನ ಗೆಳತಿಯರು ಹೇಳಿ ಕಳಿಸಿದ್ದರು. ಗೋವಾದ ಪರಿಚಾರಕನೊಬ್ಬನನ್ನು ಕೊಂಕಣಿಯಲ್ಲಿ ಕೇಳಿದೆ. ಅವನು ಫ್ಲಾಸ್ಕಿಗೆ ಚೂರುಗಳನ್ನು ತುಂಬುತ್ತ, "ಪೂಜೆಗಾ ಬಾಯಮ್ಮ, ಪೆಗ್ಗಿಗಾ?" ಎಂದ. ಫ್ಲಾಸ್ಕಿನ ಮುಚ್ಚಳವನ್ನು ನಾನೇ ಬಿಗಿಮಾಡಿದೆ.

ಕರಗಿ ನೀರಾದರೂ ಜೋಪಾನವಾಗಿ ತಂದೆ. ಕೂಟ ಸೇರಿದ್ದು ಅರಾದ್ ಎಂಬಲ್ಲಿ, ನಮ್ಮ ಕನ್ನಡ ಸಂಘದ ಖಜಾಂಚಿಯವರ ಹೆಂಡತಿಯ ಮನೆಯಲ್ಲಿ. ಅವರು ಫ್ಲಾಸ್ಕನ್ನು ಒಳಗೆ ಕೊಂಡುಹೋದರು. ಈ ದ್ವೀಪದಲ್ಲಿ ಕ್ಯಾನಿನಲ್ಲಿ ಕೊಂಡ ಸಿಹಿನೀರನ್ನೂ ಸೋಸಿ ಕುದಿಸದೆ ನಾವು ಯಾರೂ ಬಾಯಿಗೆ ಹಾಕುವುದಿಲ್ಲ. ಅವರೂ ಅದೇ ಅಭ್ಯಾಸದಲ್ಲಿ ಮಲ್ಲಿನ ಬಟ್ಟೆಯಲ್ಲಿ ಸೋಸಿದರು, ಮರಳುವ ತನಕ ಕುದಿಸಿದರು, ಬಿಸಿ ಕೊಟ್ಟರೆ ಚಂದವಲ್ಲವೆಂದು ತಮ್ಮ ಫ್ರಿಜ್ಜಿನಲ್ಲಿ ಗಟ್ಟಿ ಮಾಡಿ, ಊಟದ ನಂತರ ಶರಬತ್ತಿಗೆ ಹಾಕಿ ತಂದರು. ಒಂದು ಗುಟುಕು ಕುಡಿದು ಎಲ್ಲರ ಮುಖ ನೋಡಿದರು.

"ಇದು ನಮ್ಮನೆ ಐಸಿನ ಹಾಗೇ ಉಂಟಲ್ಲ ಅಕ್ಕ. ನೀವು ಅಲಾಸ್ಕಾಕ್ಕೆ ಹೋದದ್ದಾ, ಬೊಂಬಾಯಿಯ ನಾದಿನಿ ಮನೆಗಾ?"

ಎಲ್ಲರೂ ನಕ್ಕರು. ನಾನು ನಗಲಿಲ್ಲ. "ಹಿಮನದಿ ಬಂಡೆ ಅರೆದುಕೊಂಡು ಬರುವುದು. ಅದರ ನೀರಿನಲ್ಲಿ ಬೂದು ಬಣ್ಣದ ಪುಡಿ ಇರುತ್ತದೆ. ಸೋಸಿದ ಬಟ್ಟೆ ತನ್ನಿ, ಎಲ್ಲರೂ ನೋಡಲಿ," ಎಂದೆ.

"ಅದನ್ನು ಆಗಲೇ ಒಗೆದು ಹಾಕಿದೆ. ಎಂತ ಮಣ್ಣು ಮಾರಾಯ್ರೆ."

"ಮತ್ತೆ? ನಿಮ್ಮ ಮನೆ ನೀರಿನಲ್ಲಿ ಆ ಮಣ್ಣು ಉಂಟಾ?"

"ಛೆ, ನಮ್ಮ ನೀರಿನಲ್ಲಿ ಇಲ್ಲಪ್ಪ. ನಿಮ್ಮ ಫ್ಲಾಸ್ಕ್ ತೊಳೆದಿರಲಿಲ್ಲ ಕಾಣ್ತದೆ."

ಹಿಮನದಿಯನ್ನು ನಾನು ನೋಡಿಲ್ಲ ಎಂದದ್ದನ್ನು, ತಿಳಿವಳಿಕೆಯ ಕೊರತೆಯೆಂದು ಬಿಡಬಲ್ಲೆ. ಫ್ಲಾಸ್ಕಿನ ಮಾತನ್ನು ಬಿಡಲಾರೆ. ಅದನ್ನು ನಾನೇ ಸೋಡಾಪುಡಿ ಹಾಕಿ ತೊಳೆದಿದ್ದೆ. ಮುಂದಿನ ಕೂಟದಲ್ಲಿ, ಶರಬತ್ತಿಗೆ ಮೊದಲು, ಎದ್ದು ನಿಂತು, ಅವರು ನನ್ನ ಕ್ಷಮೆ ಕೇಳಬೇಕು.