ಪೆಂಬಾನ ಮೊಮ್ಮಗ

ಖಂಡಪ್ಪನಿಗೆ ಆ ಬುಧವಾರದ ತಾಪತ್ರಯವೆಲ್ಲ ಬಂದದ್ದು ಐದು ಗಜ ಬಿಳಿ ಬಟ್ಟೆಯಿಂದ. ಬಟ್ಟೆ ಬೇಕಾದದ್ದು ಅತಿಥಿಗಳ ಕೊರಳಿಗೆ. ಅತಿಥಿಗಳು ಬೇಕಾದದ್ದು ಅವನ ಪುಸ್ತಕಕ್ಕೆ. ಪುಸ್ತಕ ಯಾರಿಗೆ ಬೇಕಾಗಿದೆ ಎಂದು ಹೆಂಡತಿ ಪರಿಮಳಾ ಒಮ್ಮೆ ಕೇಳಿದ್ದಳು. ಆ ದಿನ ಅವನು ಊಟ ಮಾಡಿರಲಿಲ್ಲ.

ಖಂಡಪ್ಪ ಶಹಾಪುರದ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತ. ಸುರಪುರದ ಸಾಹಿತ್ಯ ಬಳಗವೊಂದು ಪ್ರತಿ ತಾಲೂಕಿನಿಂದ ಒಬ್ಬ ಸಾಮಾನ್ಯ ಮನುಷ್ಯನ ಆತ್ಮಕತೆ ಅಚ್ಚು ಹಾಕಿಸುವುದಾಗಿ ಪ್ರಕಟಿಸಿದಾಗ, ತನ್ನಷ್ಟು ಸಾಮಾನ್ಯ ಮನುಷ್ಯ ತಾಲೂಕಿನಲ್ಲಿ ಇನ್ನೊಬ್ಬನಿಲ್ಲ ಎಂದು ಅವನಿಗೆ ಖಾತ್ರಿಯಾಯಿತು. ನೂರು ಪುಟ ಬರೆದು ಕಳಿಸಿದ. ಬಳಗದ ಅಧ್ಯಕ್ಷರು ಬಸವಂತರಾಯರು, ನಿವೃತ್ತ ಹೆಡ್‌ಮಾಸ್ತರರು. 'ಇದರಲ್ಲಿ ಎರಡು ವರ್ಗಾವಣೆ, ಒಂದು ಮೂಲವ್ಯಾಧಿ ಬಿಟ್ಟರೆ ಏನೂ ಇಲ್ಲ' ಎಂದು ಕೆಂಪು ಶಾಯಿಯಲ್ಲಿ ಷರಾ ಬರೆದು ವಾಪಸು ಮಾಡಿದರು.

ಆಗ ಖಂಡಪ್ಪನಿಗೆ ಅಜ್ಜ ನೆನಪಾದ. ತಾಯಿಯ ತಂದೆ ಪೆಂಬಾ ಟಿಬೆಟಿನವನು. ಮುಂಡಗೋಡದ ನಿರಾಶ್ರಿತರ ಕ್ಯಾಂಪಿನಿಂದ ಚಳಿಗಾಲದಲ್ಲಿ ಸ್ವೆಟರ್ ಮಾರಲು ಬಂದವನು. ಶಹಾಪುರದ ಚಳಿ ನೋಡಿ ವ್ಯಾಪಾರದಲ್ಲಿ ಲಾಭದ ಆಸೆ ಬಿಟ್ಟ, ಆದರೆ ಊರು ಬಿಡಲಿಲ್ಲ. ಸಗರದ ದೇವಕಮ್ಮನ ಗಂಡನಾಗಿ ಇಲ್ಲೇ ಉಳಿದು ಇಲ್ಲೇ ಮಣ್ಣಾದ. ಖಂಡಪ್ಪ ಅವನನ್ನು ನೋಡಿದವನಲ್ಲ. ಆದರೂ ಹಿಮಾಲಯ, ದೇಶಾಂತರ, ಬುದ್ಧ, ಇಷ್ಟೆಲ್ಲ ಮೈಯೊಳಗೆ ಹರಿಯುತ್ತಿರುವಾಗ ತಾನು ಮೂಲವ್ಯಾಧಿಯ ಬಗ್ಗೆ ಬರೆದೆನಲ್ಲ ಎಂದು ಹಣೆ ಚಚ್ಚಿಕೊಂಡ.

ಆರು ತಿಂಗಳು ಮೊಬೈಲ್ ನೋಡಿ ಇನ್ನೂರು ಪುಟ ಬರೆದ. ಶಹಾಪುರದ ಗುಡ್ಡ ದೂರದಿಂದ ಮಲಗಿದ ಬುದ್ಧನ ಹಾಗೆ ಕಾಣುತ್ತದಷ್ಟೇ. ಅಜ್ಜ ಇಲ್ಲಿ ಉಳಿದದ್ದು ಆ ಬುದ್ಧನ ಕರೆಗೆ ಓಗೊಟ್ಟು ಎಂದು ಬರೆದ. ಮೊದಲ ಅಧ್ಯಾಯದಲ್ಲಿ ತನ್ನ ಧಮನಿಗಳಲ್ಲಿ ಹಿಮನದಿ ಹರಿಸಿದ. 'ನಾನು ಎಂಬುದು ಇಲ್ಲ' ಎಂಬ ಏಳನೆಯ ಅಧ್ಯಾಯದ ಎಂಟು ಪುಟಗಳಲ್ಲಿ 'ನಾನು' ಎಂಬ ಪದ ನೂರಾ ಹನ್ನೆರಡು ಸಲ ಬಂತು. ಪೆಂಬಾನ ಜೊತೆ ಹದಿನಾಲ್ಕು ವರ್ಷ ಬಾಳಿದ ದೇವಕಮ್ಮ ಎಂಬತ್ತನಾಲ್ಕರ ವಯಸ್ಸಿನಲ್ಲಿ ಅದೇ ಮನೆಯ ಪಡಸಾಲೆಯ ಮಂಚದ ಮೇಲೆ ಕೂತಿದ್ದಳು. ಅವಳನ್ನು ಒಂದು ಮಾತು ಕೇಳಬಹುದಿತ್ತು ಎಂದು ಮಾತ್ರ ಅವನಿಗೆ ಹೊಳೆಯಲಿಲ್ಲ.

ಹೊಸ ಪ್ರತಿ ಓದಿ ಬಸವಂತರಾಯರು ಕರಗಿಹೋದರು. ಬುಧವಾರ ಸಂಜೆ ಐದಕ್ಕೆ ಬಳಗದ ಐವರು ಮನೆಗೇ ಬಂದು, ಮನೆತನ ನೋಡಿ, ಒಪ್ಪಿಗೆ ಕೊಟ್ಟು ಹೋಗುವುದೆಂದು ಫೋನು ಮಾಡಿದರು. ಹದಿನಾರು ವರ್ಷ ಬೇರೆಯವರ ಅರ್ಜಿಗಳಿಗೆ ನಂಬರು ಹಾಕಿದ ಖಂಡಪ್ಪನಿಗೆ, ತನ್ನ ಹೆಸರೂ ಒಂದು ಸಲ ಯಾವುದಾದರೂ ಹಾಳೆಯ ಮೇಲ್ಭಾಗದಲ್ಲಿ ಬರಲಿ ಎಂಬ ಆಸೆ ನಿಜಕ್ಕೂ ಬಹಳ ಇತ್ತು. ಅಷ್ಟರ ಮಟ್ಟಿಗೆ ಅವನನ್ನು ನೋಡಿ ನಗುವುದು ತಪ್ಪು.

ಟಿಬೆಟಿನವರು ಹಿರಿಯರ ಕೊರಳಿಗೆ ಬಿಳಿ ವಸ್ತ್ರ ಹಾಕಿ ಬರಮಾಡಿಕೊಳ್ಳುತ್ತಾರೆಂದು ಅವನು ಓದಿದ್ದ. ಬುಧವಾರ ಮಧ್ಯಾಹ್ನದಿಂದ ಅರ್ಧ ದಿನ ರಜೆ ಹಾಕಿ ದೇವಿಂದ್ರನ ಬಟ್ಟೆ ಅಂಗಡಿಗೆ ಹೋದ. ಅಂಚಿಲ್ಲದ, ಪೂರಾ ಬಿಳಿಯ, ಹೊಸ ಬಟ್ಟೆ ಐದು ಗಜ ಹರಿಸಿದ. ದರ ಕೇಳಲಿಲ್ಲ. ಕೈಚೀಲದಲ್ಲಿ ಆಗಲೇ ಊದಿನಕಡ್ಡಿಯ ಕಟ್ಟು, ಒಂದು ಕಿಲೋ ಚೆಂಡುಹೂವು ಇದ್ದವು.

ನಮ್ಮ ಕಡೆ ಇಂಥ ಸಾಮಾನು ಹಿಡಿದು ಅವಸರದಲ್ಲಿರುವ ಮನುಷ್ಯನನ್ನು ಯಾರೂ ಹೆಚ್ಚು ಮಾತಾಡಿಸುವುದಿಲ್ಲ. ದೇವಿಂದ್ರ ರೇಡಿಯೋ ಬಂದ್ ಮಾಡಿದ. ಎಷ್ಟೊತ್ತಿಗೆ ಎಂದಷ್ಟೇ ಮೆತ್ತಗೆ ಕೇಳಿದ. ಸಂಜೆ ಐದಕ್ಕೆ, ಮನೆಯಲ್ಲೇ, ಎಂದು ಹೇಳಿ ಖಂಡಪ್ಪ ಹೊರಟ. ಅವನು ಮೆಟ್ಟಿಲಿಳಿಯುವ ಮೊದಲೇ ದೇವಿಂದ್ರ ಮಲ್ಲಿಕಮ್ಮನಿಗೆ ಫೋನು ಹಚ್ಚಿದ್ದ.

ಮಲ್ಲಿಕಮ್ಮ ಖಂಡಪ್ಪನ ಚಿಕ್ಕಮ್ಮನ ಮಗಳು, ಪಕ್ಕದ ಮನೆಯಲ್ಲೇ ಇದ್ದು ಕಟಕ ರೊಟ್ಟಿ ಮಾಡಿ ಮಾರುವವಳು. ಸುದ್ದಿ ಖಾತ್ರಿಯಾಗುವವರೆಗೆ ಕಾಯುವ ಚಟ ಅವಳಿಗಿರಲಿಲ್ಲ. ಮೊದಲು ಸಗರಕ್ಕೆ, ಗೋಗಿಗೆ, ಬೋನಾಳಕ್ಕೆ ಫೋನು ಮಾಡಿ ಆಯಿ ಹೋದಳೆಂದು ಅತ್ತಳು. ಆಮೇಲೆ ಹೆಣ ನೋಡಲು ಬಂದಳು. ದೇವಕಮ್ಮ ಮಂಚದ ಮೇಲೆ ಕೂತು ಚಹಾದಲ್ಲಿ ಬ್ರೆಡ್ಡು ಅದ್ದಿ ತಿನ್ನುತ್ತಿದ್ದಳು.

ಮಲ್ಲಿಕಮ್ಮ ಅರ್ಧ ನಿಮಿಷ ಯೋಚಿಸಿದಳು. ಮೂರು ಊರಿಗೆ ಹೇಳಿದ ಮಾತನ್ನು ವಾಪಸು ತಗೊಳ್ಳುವುದು ಅವಳ ಜಾಯಮಾನವಲ್ಲ. ಅಂದಮೇಲೆ ಡಾಕ್ಟರು ಐದರವರೆಗೆ ಅಂತ ಗಡುವು ಕೊಟ್ಟಿರಬೇಕು, ಪಾಪ ಖಂಡಪ್ಪಣ್ಣ ಮೊದಲೇ ತಯಾರಿ ಮಾಡಿಕೊಂಡಿದ್ದಾನೆ, ಎಂದು ತೀರ್ಮಾನಿಸಿ ಸುದ್ದಿಯನ್ನು ತಿದ್ದಿ ಮತ್ತೊಮ್ಮೆ ಬಿಟ್ಟಳು.

ಖಂಡಪ್ಪ ಹಸ್ತಪ್ರತಿಗೆ ಸ್ಪೈರಲ್ ಹಾಕಿಸಲು ಝೆರಾಕ್ಸ್ ಅಂಗಡಿಯಲ್ಲಿ ಕೂತಿದ್ದ. ಕರೆಂಟು ಹೋಯಿತು. ಮೂರು ತಾಸು ಬರಲಿಲ್ಲ. ಅಷ್ಟರಲ್ಲಿ ಮೊಬೈಲಿನ ಬ್ಯಾಟರಿಯೂ ಮುಗಿಯಿತು.

ನಾಲ್ಕೂವರೆಗೆ ಮನೆಗೆ ಬಂದರೆ ಅಂಗಳದಲ್ಲಿ ಶಾಮಿಯಾನ. ಅದರ ಕೆಳಗೆ ಅರವತ್ತು ಜನ. ಕಚೇರಿಯ ಜೊತೆಗಾರ ಸಂಜುಕುಮಾರ ಕುರ್ಚಿ ಹಂಚುತ್ತಿದ್ದ. ಐದಕ್ಕೆ ಬರುವವರು ಅತಿಥಿಗಳು ಎಂದು ಪರಿಮಳಾ ಹೇಳಿದ್ದನ್ನು ಯಾರೂ ಕಿವಿಗೆ ಹಾಕಿಕೊಂಡಿರಲಿಲ್ಲ. ನಡುವೆ ಮಂಚದ ಮೇಲೆ ದೇವಕಮ್ಮ. ಇಷ್ಟು ಜನ ಒಮ್ಮೆಲೇ ಮಾತಾಡಿಸಲು ಬಂದದ್ದು ಅವಳ ಆಯುಷ್ಯದಲ್ಲೇ ಮೊದಲು. ಹೋಗುವ ಜೀವ, ಮಾತಾಡಲಿ ಎಂದು ಎಲ್ಲರೂ ಹಳೆಯ ಸಂಗತಿ ಕೇಳುತ್ತಿದ್ದರು. ಅವಳ ಮುಖದಲ್ಲಿ ಹತ್ತು ವರ್ಷ ಕಡಿಮೆಯಾಗಿತ್ತು.

ಖಂಡಪ್ಪನ ಕೈಯ ಬಿಳಿ ಬಟ್ಟೆ ಕಂಡ ಹೆಂಗಸರು ಸೆರಗು ಬಾಯಿಗೊತ್ತಿಕೊಂಡರು. ಅವನು ಸತ್ಯ ಹೇಳಿದ. ಪುಸ್ತಕ ಎಂದ, ಟಿಬೆಟ್ ಎಂದ, ಕೊರಳಿಗೆ ಹಾಕುವುದು ಎಂದ. ದುಃಖಕ್ಕೆ ತಲೆ ಕೆಟ್ಟಿದೆ ಎಂದು ಸಂಜುಕುಮಾರ ಅವನ ಬೆನ್ನು ಸವರಿ ನೀರು ಕುಡಿಸಿದ. ಸಗರದಿಂದ ಬಂದಿದ್ದ ನೆಂಟಳು ಹಂಪಮ್ಮ ಪಕ್ಕಕ್ಕೆ ಕರೆದಳು.

"ಐದಂದ್ರ ಐದಕ್ಕ ಆಗ್ತದೇನಪಾ? ಆರೂವರಿಗಿ ನಮ್ಮ ಕಡೀ ಬಸ್ ಅದ."

ಐದಕ್ಕೆ ಸರಿಯಾಗಿ ಬಂದದ್ದು ಬಸವಂತರಾಯರು ಒಬ್ಬರೇ. ಉಳಿದ ನಾಲ್ವರಿಗೆ ಮದುವೆಯ ಊಟವೊಂದು ಸಿಕ್ಕಿತ್ತು. ಖಂಡಪ್ಪ ಗುಂಪನ್ನು ಸರಿಸಿಕೊಂಡು ಓಡಿದ. ಓದಿದ್ದಂತೆಯೇ ಎರಡೂ ಕೈಯಿಂದ ಬಿಳಿ ಬಟ್ಟೆ ಎತ್ತಿ ಅವರ ಕೊರಳಿಗೆ ಹಾಕಿದ. ಅರವತ್ತು ಜನ ಒಟ್ಟಿಗೆ ಉಸಿರು ಬಿಗಿಹಿಡಿದರು. ರಾಯರಿಗೆ ಎಪ್ಪತ್ತೆರಡು, ಹೃದಯಕ್ಕೆ ಎರಡು ಸ್ಟೆಂಟು. ಬಟ್ಟೆಯನ್ನು ಹಾವು ತೆಗೆಯುವ ಹಾಗೆ ತೆಗೆದು ಕುರ್ಚಿಯ ಮೇಲಿಟ್ಟು, ತಾವು ಬೇರೆ ಕುರ್ಚಿ ಹುಡುಕಿಕೊಂಡರು.

ಪರಿಮಳಾ ತಂದುಕೊಟ್ಟ ಉಪ್ಪು ಬೆಣ್ಣೆಯ ಟಿಬೆಟ್ ಚಹಾವನ್ನೂ ಒಂದು ಗುಟುಕಿಗೇ ಕೆಳಗಿಟ್ಟು ಅವರು ದೇವಕಮ್ಮನ ಕಡೆ ತಿರುಗಿದರು. ಪೆಂಬಾ ಅವರ ಬಗ್ಗೆ ಹೇಳ್ರಿ ತಾಯಿ ಎಂದರು. ಖಂಡಪ್ಪ ಹೆಮ್ಮೆಯಿಂದ ಎದೆ ಸೆಟೆಸಿ ನಿಂತ.

"ಏನ್ ಹೇಳ್ಲಿ. ನನ್ನ ಮೊದಲನೇ ಗಂಡ ಹಾವ ಕಡದು ಸತ್ತಾಗ ಇವನವ್ವ ಎರಡ ವರ್ಷದಕಿ. ಮುಂದ ವರ್ಷಕ್ಕ ಪೆಂಬಾ ಬಂದ. ನನ್ನ ಉಡಕಿ ಮಾಡ್ಕೊಂಡ. ನಾ ಕೂಲಿಗಿ ಹೋದ್ರ ಆ ಕೂಸಿನ್ನ ಸ್ವೆಟರ್ ಗಂಟಿನ ಮ್ಯಾಲ ಮಲಗಿಸ್ಕೊಂಡು ಮಾರಾಕ ಕೂಡ್ತಿದ್ದ. ಮಂದಿ ಕೂಸು, ತನ್ನ ಕೂಸು ಅಂತ ಎಂದೂ ಬ್ಯಾರೆ ಮಾಡ್ಲಿಲ್ಲ. ಅವನಿಗಿ ಹುಟ್ಟಿದಾಕಿ ಸಣ್ಣಾಕಿ, ಈ ಮಲ್ಲಿಕಮ್ಮನ ಅವ್ವ."

ವಿಧವೆಯ ಕೈ ಹಿಡಿಯುವ ಉಡಕಿ ನಮ್ಮಲ್ಲಿ ಹೊಸದಲ್ಲ. ಸಗರದ ಮುದುಕರೆಲ್ಲ ಹೌದೆಂದು ಗೋಣು ಹಾಕಿದರು. ಅವರಿಗೆಲ್ಲ ಗೊತ್ತಿತ್ತು. ಗೊತ್ತಿಲ್ಲದಿದ್ದದ್ದು ಇನ್ನೂರು ಪುಟ ಬರೆದವನಿಗೆ ಮಾತ್ರ. ಧಮನಿಯೊಳಗಿನ ಹಿಮನದಿ ಅಲ್ಲೇ ಬತ್ತಿತು.

"ಆಯಿ, ಇಷ್ಟ ದಿನ ಯಾಕ ಹೇಳ್ಲಿಲ್ಲ?" ಖಂಡಪ್ಪ ಕೇಳಿದ.

"ನೀ ಯಾವಾಗ ಕೇಳಿದಿ? ದಿನಾ ಆ ಮೊಬೈಲಿಗೇ ಕೇಳ್ತಿದ್ದಿ."

ಅಜ್ಜ ಅನ್ನುವುದಕ್ಕೆ ರಕ್ತವೇ ಆಗಬೇಕೆಂದಿಲ್ಲ, ಸಾಕಿದವನೂ ಅಜ್ಜನೇ ಎಂದು ಖಂಡಪ್ಪ ವಾದಿಸಿದ. ಅದು ಅವನ ಬಾಯಿಂದ ಆರು ತಿಂಗಳಲ್ಲಿ ಬಂದ ಮೊದಲ ಒಳ್ಳೆಯ ಮಾತು. ರಾಯರು ಒಪ್ಪಿದರು, ಆದರೆ ಮೊದಲ ಅಧ್ಯಾಯ ಒಪ್ಪುವುದಿಲ್ಲವಲ್ಲ ಎಂದರು. ಕನ್ನಡಕ ಏರಿಸಿ, ಸ್ಪೈರಲ್ ಪುಸ್ತಕದ ಏಳನೆಯ ಅಧ್ಯಾಯ ತೆಗೆದು ಎಲ್ಲರಿಗೂ ಕೇಳುವಂತೆ ಓದಿದರು: 'ವಂಶ, ಕೀರ್ತಿ, ನನ್ನದು ಎಂಬುದೆಲ್ಲ ಹೊಗೆ. ಯಾರಾದರೂ ಬಂದು ನನ್ನ ಹೆಸರನ್ನೇ ಬೇಡಿದರೆ ನಾನು ನಗುತ್ತ ಕೊಟ್ಟುಬಿಡುತ್ತೇನೆ.'

"ಇದಾದ್ರೂ ಖರೇ ಅದ ಅಲ್ರಿ, ಖಂಡಪ್ಪನವರ?"

ಅರವತ್ತು ಜನ ಅವನ ಬಾಯಿಯನ್ನೇ ನೋಡುತ್ತಿದ್ದರು. ಸುಳ್ಳು ಎಂದರೆ ಪುಸ್ತಕ ಹೋಗುತ್ತದೆ, ಖರೆ ಎಂದರೂ ಪುಸ್ತಕ ಹೋಗುತ್ತದೆ. ಖಂಡಪ್ಪ ಹೌದ್ರಿ ಎಂದ. ಬರೆದದ್ದಕ್ಕೆ ಬದ್ಧನಾಗಿ ನಗಲಿಕ್ಕೂ ನೋಡಿದ. ಅಷ್ಟು ದೊಡ್ಡ ದುಃಖ ಆ ದಿನ ಆ ಶಾಮಿಯಾನದ ಕೆಳಗೆ ಇನ್ನಾರಿಗೂ ಆಗಿರಲಿಲ್ಲ.

ರಾಯರು ಎದ್ದು ಮಲ್ಲಿಕಮ್ಮನಿಗೆ ಕೈಮುಗಿದರು. ಟಿಬೆಟಿನ ಮೊಮ್ಮಗಳು ಶಹಾಪುರದಲ್ಲಿ ರೊಟ್ಟಿ ಬಡಿದು ಬಾಳುತ್ತಿದ್ದಾಳೆ, ಬಳಗಕ್ಕೆ ಬೇಕಾದದ್ದು ಇಂಥ ಜೀವ, ಈ ಸಲದ ಪುಸ್ತಕ ಆಕೆಯದೇ ಎಂದು ಸಾರಿದರು. ಐದಕ್ಕೆ ಏನೂ ಆಗಲಿಲ್ಲವೆಂದು ಬೇಸರದಲ್ಲಿದ್ದ ಜನ ಚಪ್ಪಾಳೆ ತಟ್ಟಿದರು. ಹಂಪಮ್ಮ ಬಸ್ಸಿಗೆ ಓಡಿದಳು.

ಮಲ್ಲಿಕಮ್ಮ ನಾಚಿದಳು. ಸಹಿ ಬಿಟ್ಟರೆ ತನಗೆ ಬರೆಯಲು ಬಾರದೆಂದಳು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಖಂಡಪ್ಪನ ಎದುರಿಗೇ ಕುರ್ಚಿ ಎಳೆದು ಕೂತಳು.

"ನಮ್ಮ ಖಂಡಪ್ಪಣ್ಣನ ಅಕ್ಷರ ಭಾಳ ಚಂದ ಅದಾವ್ರಿ. ನಾ ಹೇಳ್ತೀನಿ, ಅಂವ ಬರೀತಾನ. ತಗೋ ಅಣ್ಣ, ಹುಟ್ಟಿದ ದಿವಸದಿಂದ ಸುರು ಮಾಡೂಣು. ಒಂದೂ ಬಿಡಬ್ಯಾಡ."

ಸಂಜುಕುಮಾರ ಎಲ್ಲಿಂದಲೋ ಬಿಳಿ ಹಾಳೆ ತಂದುಕೊಟ್ಟ. ಖಂಡಪ್ಪ ಪೆನ್ನು ತೆಗೆದು ಮೇಲ್ಭಾಗದಲ್ಲಿ ದುಂಡಗೆ ಮೊದಲ ಸಾಲು ಬರೆದ: 'ನಾನು, ಮಲ್ಲಿಕಮ್ಮ.'