ಗೋಡೆ ಮಾತಾಡಿಸುವ ಮಾವ

ನಮ್ಮ ಮಾವ, ಅಂದರೆ ಅಮ್ಮನ ತಮ್ಮ, ಯಾರ ಮನೆಗೆ ಹೋದರೂ ಮೊದಲು ಗೋಡೆಯನ್ನು ಮಾತಾಡಿಸುತ್ತಾರೆ, ಆಮೇಲೆ ಮನೆಯವರನ್ನು! ಬೆರಳ ಗೆಣ್ಣಿನಿಂದ ಟಕಟಕ ಬಡಿದು, ಕಿವಿಗೊಟ್ಟು, ‘ಪೊಳ್ಳು’ ಎಂದು ತೀರ್ಪು ಕೊಟ್ಟ ಮೇಲೆಯೇ ಕಾಫಿ. ಮೈಸೂರಿನಲ್ಲಿದ್ದಾಗ ಗಾರೆ ಕೆಲಸ. ನರ್ಸ್ ಆಗಿದ್ದ ಅತ್ತೆಯ ಹಿಂದೆ ಅಟ್ಲಾಂಟಾ ಕಡೆಗೆ ಬಂದ ಮೇಲೆ ಸೀಲಿಂಗಿಗೆ ಜಿಪ್ಸಮ್ ಬೋರ್ಡು ಕೂರಿಸುವ ಕೆಲಸ. ಅಂಥವರು ಜಾರ್ಜಿಯಾ ರಾಜ್ಯದ ಶಾಸನಸಭೆಗೆ ನಿಲ್ಲುತ್ತೇನೆ ಎಂದಾಗ, ನಮ್ಮೂರು ಸುವಾನಿಯಲ್ಲಿ ಕನ್ನಡದವರೆಲ್ಲ ಒಂದೊಂದು ಅಡುಗೆ ತಂದು ಉಣ್ಣುವ ಪಾಟ್‌ಲಕ್ಕಿನಲ್ಲಿ ಬಿಸಿಬೇಳೆಬಾತ್ ನೆತ್ತಿಗೇರದವರೇ ಇಲ್ಲ!

‘ನಗ್ರಪ್ಪಾ, ನಗ್ರಿ,’ ಎಂದರು ಮಾವ. ‘ಆ ಶಾಸನಸಭೆ ಕಟ್ಟಡಕ್ಕೆ ಸೀಲಿಂಗ್ ಕೆಲಸಕ್ಕೇಂತ ಹಿಂದಿನ ಬಾಗಿಲಿಂದ ಏಣಿ ಹೊತ್ಕೊಂಡು ಹೋಗಿದೀನಿ. ಒಂದ್ಸಲ ಮುಂದಿನ ಬಾಗಿಲಿಂದ ಹೋಗಿ ಕೂತ್ಕೋಬೇಕು. ಅಷ್ಟೇ ಆಸೆ.’

ಅತ್ತೆ ಮಾತ್ರ ನಗಲಿಲ್ಲ.

ಪ್ರಚಾರಕ್ಕೆ ಡ್ರೈವರು ನಾನು. ಮೊದಲ ಮನೆಯ ಅಜ್ಜಿ ಬಾಗಿಲು ತೆರೆದರು. ಬಾಗಿಲ ಹಿಡಿ ಬಡಿದೂ ಬಡಿದೂ ಬೋರ್ಡಿನ ಗೋಡೆಯಲ್ಲೊಂದು ತೂತು! ಮಾವನ ಕಣ್ಣು ಅರಳಿತು. ಟ್ರಂಕಿನಿಂದ ಪುಟ್ಟಿ ಬಂತು, ಕರಣೆ ಬಂತು. ಕರಪತ್ರಗಳು ಮಾತ್ರ ಕಾರಿನಲ್ಲೇ ಉಳಿದವು.

‘ವೋಟ್ ಕೇಳಿದ್ರಾ ಮಾವ?’

‘ಅಯ್ಯೋ, ಮರೆತೇಹೋಯ್ತು ಕಣೇ! ಇರ್ಲಿ ಬಿಡು. ನಾಳೆ ಸೆಕೆಂಡ್ ಕೋಟ್ ಹಾಕೋಕೆ ಬರ್ಬೇಕಲ್ಲ, ಆಗ ಕೇಳೋಣ.’

‘ಹೀಗಾದ್ರೆ ಡಿಸ್ಟ್ರಿಕ್ಟ್ ಕವರ್ ಮಾಡೋಷ್ಟರಲ್ಲಿ ಮುಂದಿನ ಎಲೆಕ್ಷನ್ ಬರತ್ತೆ!’

‘ಬರ್ಲಿ. ಗೋಡೆ ಎಲ್ಲಿಗೆ ಹೋಗತ್ತೆ?’

ಇಂಥವರಿಗೆ ಏನು ಹೇಳುತ್ತೀರಿ? ನಾನು ಹಣೆ ಚಚ್ಚಿಕೊಂಡೆ.

ಅಭ್ಯರ್ಥಿಗಳ ಚರ್ಚೆಯ ದಿನದ್ದು ಇನ್ನೂ ಚೆನ್ನ. ಎದುರಾಳಿ ವಕೀಲರು ತೆರಿಗೆಯ ಬಗ್ಗೆ ನಿರರ್ಗಳವಾಗಿ ಮಾತಾಡುತ್ತಿದ್ದಾರೆ, ಬೆನ್ನ ಹಿಂದೆ ಟಕ್ ಟಕ್! ‘ಒಳಗೆಲ್ಲ ಪೊಳ್ಳು,’ ಎಂದು ಮಾವ ಮೈಕಿನ ಪಕ್ಕದಲ್ಲೇ, ಇಂಗ್ಲಿಷಿನಲ್ಲೇ ಘೋಷಿಸಿಬಿಟ್ಟರು. ಪಾಪ, ಅವರು ಹೇಳಿದ್ದು ಗೋಡೆಗೆ. ಸಭೆ ವಕೀಲರಿಗೆ ಎಂದುಕೊಂಡು ಚಪ್ಪಾಳೆ ತಟ್ಟಿತು. ಮಾವ ಗಾಬರಿಯಾಗಿ ವಕೀಲರ ಕೈ ಹಿಡಿದು ಕ್ಷಮೆ ಕೇಳಿದರು; ಅದಕ್ಕೂ ಚಪ್ಪಾಳೆ!

ಗೆದ್ದೇಬಿಟ್ಟರು ಕಣ್ರೀ! ಕೂದಲೆಳೆಯ ಅಂತರ, ಆದರೂ ಗೆಲುವು ಗೆಲುವೇ. ಪ್ರಮಾಣವಚನದ ದಿನ ಹೊಸ ಸೂಟು ತೊಟ್ಟು, ಅತ್ತೆಯನ್ನು ಕರೆದುಕೊಂಡು, ಮುಂದಿನ ಬಾಗಿಲಿನಿಂದಲೇ ಹೋದರು. ನಾನು ಮೇಲೆ ಗ್ಯಾಲರಿಯಲ್ಲಿದ್ದೆ.

‘ಬಲಗೈ ಎತ್ತಿ,’ ಎಂದರು ನ್ಯಾಯಾಧೀಶರು. ಎಲ್ಲರ ಕೈಗಳೂ ಮೇಲೇರಿದವು. ಮಾವನ ಕೈ ಎದೆಮಟ್ಟಕ್ಕೆ ಬಂದು ನಿಂತುಬಿಟ್ಟಿತು. ವರ್ಷಗಟ್ಟಲೆ ಕಂಡವರ ಮನೆಯ ಸೀಲಿಂಗಿಗೆ ಬೋರ್ಡು ಎತ್ತಿ ಹಿಡಿದ ಭುಜ. ಸವೆದುಹೋಗಿದೆ ಎಂದು ನಮಗ್ಯಾರಿಗೂ ಅವರು ಹೇಳಿರಲಿಲ್ಲ. ಅಷ್ಟು ದಿನ ನಕ್ಕಿದ್ದ ನಾನು ಗ್ಯಾಲರಿಯ ಕಂಬಿ ಹಿಡಿದು ಮುಂದಕ್ಕೆ ಬಾಗಿದೆ.

ಪಕ್ಕದಲ್ಲಿದ್ದ ಅತ್ತೆ ಏನೂ ಆಗಿಲ್ಲವೆಂಬಂತೆ ಅವರ ಮೊಣಕೈ ಕೆಳಗೆ ತಮ್ಮ ಅಂಗೈ ಇಟ್ಟು, ಮೆಲ್ಲಗೆ ಮೇಲೆತ್ತಿದರು. ಪ್ರಮಾಣವಚನ ಮುಗಿಯುವವರೆಗೂ ಆ ಕೈಯನ್ನು ಅವರು ಕೆಳಗಿಳಿಯಲು ಬಿಡಲಿಲ್ಲ.