ನಾನು ಕತ್ತರಿಸಿದ ನಾಲ್ಕು ನಿಮಿಷ

ಬೇರೆಯವರ ಅರ್ಜಿ ಓದುವ ಚಟ ನನಗಿದೆ. ಒಳ್ಳೆಯ ಚಟವಲ್ಲ, ಗೊತ್ತು. ಆದರೆ ಕೊಪ್ಪದ ಬಾಳಗಡಿಯಲ್ಲಿ ಜೆರಾಕ್ಸ್ ಅಂಗಡಿ ಇಟ್ಟುಕೊಂಡು, ಹಾಳೆಯನ್ನು ಯಂತ್ರದ ಮೇಲೆ ಮಗುಚಿ ಹಾಕುವ ಮೊದಲು ಕಣ್ಣು ಮುಚ್ಚಿಕೊಳ್ಳುವುದು ಯಾರಿಂದ ಸಾಧ್ಯ? ಹೀಗೆ ವರ್ಷಗಟ್ಟಲೆ ಓದಿ ಓದಿ ನನಗೆ ತಿಳಿದದ್ದು ಒಂದೇ. ಅಂಗಡಿಯ ಮೆಟ್ಟಿಲ ಮೇಲೆ ಕೂತು ಹೇಳುವಾಗ ಕೇಳಿದವರು ಕೆಲಸ ಬಿಟ್ಟು ನಿಲ್ಲುವಂಥ ಸಂಗತಿ, ಅರ್ಜಿಗೆ ಇಳಿಯುವ ಹೊತ್ತಿಗೆ 'ಸದರಿ ವಿಷಯಕ್ಕೆ ಸಂಬಂಧಿಸಿದಂತೆ' ಆಗಿ ಒಣಗಿಹೋಗಿರುತ್ತದೆ. ಈ ಜನ ತಮ್ಮ ಮಾತನ್ನು ತಮ್ಮ ಬಾಯಿಂದಲೇ ನಾಲ್ಕು ಜನಕ್ಕೆ ಕೇಳಿಸುವಂತಾದರೆ ಎಷ್ಟು ಚೆಂದ ಎಂದು ನನಗೆ ಅನಿಸುತ್ತಿತ್ತು. ಅನಿಸಿದ್ದನ್ನು ಅಷ್ಟಕ್ಕೇ ಬಿಟ್ಟಿದ್ದರೆ ನಾನು ಇವತ್ತಿಗೂ ಮರ್ಯಾದಸ್ಥನಾಗಿ ಉಳಿದಿರುತ್ತಿದ್ದೆ. ಬಿಡಲಿಲ್ಲ. ಶೆಟ್ಟಿಕೊಪ್ಪದ ವಾಸುದೇವ ಮೇಷ್ಟ್ರಿಗೆ ಹೇಳಿದೆ. ಅವರು ನಿವೃತ್ತರು. ನಿವೃತ್ತ ಮೇಷ್ಟ್ರ ಎದುರು ಒಂದು ಯೋಜನೆ ಬಾಯಿಬಿಟ್ಟರೆ ಅದು ಮರುದಿನವೇ ಜಾರಿಗೆ ಬಂತೆಂದು ತಿಳಿಯಬೇಕು.

"ಪೇಪರಿನವರು ನಮ್ಮ ಕಡೆ ಬರೋದು ರಸ್ತೆಗೆ ಮರ ಬಿದ್ದಾಗ ಮಾತ್ರ ಮಾರಾಯ. ನಮ್ಮ ಸುದ್ದಿ ನಾವೇ ಹೇಳ್ಕೊಳ್ಳೋಣ" ಎಂದರು ಮೇಷ್ಟ್ರು. ಹಾಗೆ 'ಮೂರೂರ ಮಾತು' ಹುಟ್ಟಿತು. ಕೊಪ್ಪ, ಶೃಂಗೇರಿ, ಎನ್.ಆರ್. ಪುರ, ಮೂರೂ ಕಡೆಯ ಜನ ಫೋನಿನಲ್ಲಿ ತಮ್ಮ ಮಾತು ಕಳಿಸುವುದು, ನಾನು ಅಂಗಡಿಯ ಕಂಪ್ಯೂಟರಿನಲ್ಲಿ ಅವನ್ನೆಲ್ಲ ಜೋಡಿಸುವುದು, ಭಾನುವಾರ ಬೆಳಿಗ್ಗೆ ವಾಟ್ಸಾಪ್ ಗುಂಪಿಗೆ ಹಾಕುವುದು. ಬೇಕಾದವರು ತಿಂಡಿ ತಿನ್ನುತ್ತಾ ಕೇಳಬಹುದು. ಮೇಷ್ಟ್ರು ಇಟ್ಟ ನಿಯಮ ಒಂದೇ: ಯಾರ ಮಾತನ್ನೂ ನಾವು ಕತ್ತರಿಸಬಾರದು.

ಮೊದಲ ತಿಂಗಳು ಕತ್ತರಿಸಲು ಮಾತೇ ಇರಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಸರ್ಕಾರಗಳನ್ನೇ ಉರುಳಿಸುವವರು ಫೋನು ಮುಂದೆ ಹಿಡಿದರೆ "ಎಂತ ಹೇಳೂದು?" ಎಂದು ನನ್ನನ್ನೇ ಕೇಳುತ್ತಿದ್ದರು. ಒಬ್ಬರು ಗಂಟಲು ಸರಿಮಾಡಿಕೊಂಡು ವಾರ್ತೆ ಓದುವವರ ಗತ್ತಿನಲ್ಲಿ ತಮ್ಮ ಹೆಸರು, ತಂದೆಯ ಹೆಸರು, ಪಿನ್ ಕೋಡ್ ಹೇಳಿ ಮುಗಿಸಿದರು. ಇನ್ನೊಬ್ಬರು ಕಳಲೆ ಉಪ್ಪಿನಕಾಯಿ ಮಾಡುವ ಕ್ರಮ ಹೇಳಿ, ಫೋನು ಆರಿಸಲು ಮರೆತು, ನಾಯಿಗೂ ಭಾವನಿಗೂ ಒಂದೇ ಉಸಿರಿನಲ್ಲಿ ಬೈದದ್ದು ಹಾಗೇ ಪ್ರಸಾರವಾಯಿತು. ನಿಯಮವೆಂದರೆ ನಿಯಮ. ಅವತ್ತಿನಿಂದ ಕೇಳುಗರು ಹೆಚ್ಚಾದರು.

ಆಮೇಲೆ ಗಿರಿಜಕ್ಕ ಬಂದರು. ಬೇಗಾರಿನ ಕಡೆಯವರು, ತೋಟದ ಕೆಲಸ ಮಾಡುವವರು. ಮಗಳು ಚೈತ್ರಾ ಬಾಳಗಡಿಯ ಕಾಲೇಜಿಗೆ ಬರುತ್ತಾಳೆ. ಅವಳ ಯಾವುದೋ ಸರ್ಟಿಫಿಕೇಟಿನ ನಕಲು ಮಾಡಿಸಲು ಬಂದ ತಾಯಿಯನ್ನು ನಾನೇ ಒತ್ತಾಯ ಮಾಡಿ ಕೂರಿಸಿದೆ. "ನಂಗೆ ಓದು ಬರಲ್ಲ ಅಣ್ಣ" ಎಂದರು. "ಓದೋದು ಬೇಡ ಗಿರಿಜಕ್ಕ, ಮಾತಾಡಿ ಸಾಕು" ಎಂದೆ. ಈ ಮಾತು ಹೇಳುವಾಗ ನನ್ನ ಬಗ್ಗೆ ನನಗೇ ಎಷ್ಟು ಗೌರವ ಬಂದಿತ್ತೆಂದರೆ, ಕನ್ನಡಿ ಇದ್ದಿದ್ದರೆ ಕೈ ಮುಗಿಯುತ್ತಿದ್ದೆ.

ಅವರು ಮಾತಾಡಿದರು. ನಾಲ್ಕು ನಿಮಿಷ. ಅವರ ಕೂಲಿ ಲೈನಿನ ಆರು ಮನೆಗಳಿಂದ ರಸ್ತೆಗೆ ಹೋಗಲು ತೋಟದಂಚಿನಲ್ಲಿ ಒಂದು ಕಾಲುದಾರಿ ಇತ್ತಂತೆ, ಅಜ್ಜಿಯ ಕಾಲದ್ದು. ತೋಟದ ಯಜಮಾನರು ಅದಕ್ಕೆ ತಂತಿ ಬೇಲಿ ಹಾಕಿ ಗೇಟಿಗೆ ಬೀಗ ಜಡಿದರಂತೆ. ಉಳಿದದ್ದು ಹಳ್ಳದ ದಾರಿಯೊಂದೇ. "ಕೇಳಕ್ಕೆ ಹೋದ್ರೆ, ನೋಡೋಣ ಅಂತಾರೆ. ನಾವು ನೋಡ್ತಾನೇ ಇದೀವಿ. ನಮ್ಮತ್ತೆಗೆ ಉಬ್ಬಸ ಜಾಸ್ತಿಯಾದ ದಿನ ಪ್ಲಾಸ್ಟಿಕ್ ಕುರ್ಚೀಲಿ ಕೂರಿಸಿ ಹಳ್ಳ ದಾಟಿಸಿದ್ವಿ. ಅರ್ಧ ಹಳ್ಳದಲ್ಲಿ ಅತ್ತೆ ಅಂದ್ರು, ನನ್ನ ಇಲ್ಲೇ ಇಳ್ಸಿ, ನೀವಾದ್ರೂ ಮನೆಗೆ ಹೋಗಿ ಅಂತ." ನಾನು ಕಣ್ಣೊರೆಸಿಕೊಂಡೆ. ಆಮೇಲೆ ಅವರು ಯಜಮಾನರ ಹೆಸರು ಹೇಳಿದರು. ನನ್ನ ಕಣ್ಣು ತಕ್ಷಣ ಒಣಗಿತು. ಅವರು ನನ್ನ ಹೆಂಡತಿ ಸುಮಿತ್ರಾಳ ಚಿಕ್ಕಪ್ಪ.

ಮನೆಯಲ್ಲಿ ಸುಮಿತ್ರಾಳಿಗೆ ಹೇಳಿದೆ. ಅವಳು ಬೇಡ ಅನ್ನಲಿ ಎಂದು ಒಳಗೊಳಗೇ ಆಸೆಪಟ್ಟಿದ್ದೆ. ಹೆಂಡತಿ ಬೇಡ ಅಂದಳೆಂದು ಹೇಳಿಕೊಂಡು ಎಷ್ಟು ಗಂಡಸರು ಸುಖವಾಗಿ ಬದುಕಿಲ್ಲ! ಅವಳು ಪಲ್ಯ ಬಡಿಸುತ್ತಾ, "ನಂಗೆ ಮದುವೆ ಮಾಡ್ಸಿದ್ದು ಚಿಕ್ಕಪ್ಪನೇ ಹೌದು. ಆದ್ರೆ ದಾರಿ ಮುಚ್ಚಿದ್ದೂ ಅವ್ರೇ ಅಲ್ವಾ? ನಿಮ್ಮ ರೇಡಿಯೋ, ನೀವು ನೋಡ್ಕೊಳ್ಳಿ" ಎಂದಳು. ಕೊನೆಯ ಆಸರೆಯೂ ಹೋಯಿತು. ಚಿಕ್ಕಪ್ಪ ಫೋನು ಮಾಡಿರಲಿಲ್ಲ, ಯಾರನ್ನೂ ಕಳಿಸಿರಲಿಲ್ಲ. ಇಂಥದ್ದೊಂದು ಮಾತು ಹುಟ್ಟಿದೆಯೆಂದೇ ಅವರಿಗೆ ಗೊತ್ತಿರಲಿಲ್ಲ. ಯಾರೂ ಹೆದರಿಸದೆ ನಾನೊಬ್ಬನೇ ಕೂತು, ಸ್ವಂತ ಪರಿಶ್ರಮದಿಂದ ಹೆದರಿದೆ.

ಆ ಭಾನುವಾರ ಬೇಗಾರಿನ ಆರು ಮನೆಯವರೂ ಗಿರಿಜಕ್ಕನ ಅಂಗಳದಲ್ಲಿ ಒಂದು ಫೋನಿನ ಸುತ್ತ ಕೂತಿದ್ದರಂತೆ. ಅತ್ತೆಯನ್ನೂ ಹೊರಗೆ ತಂದು ಕೂರಿಸಿದ್ದರಂತೆ. ಅವರಿಗೆ ಕೇಳಿಸಿದ್ದು ಇಷ್ಟು: "ನಮಸ್ಕಾರ, ನಾನು ಬೇಗಾರಿಂದ ಗಿರಿಜಾ ಮಾತಾಡ್ತಿರೋದು. ಎಲ್ಲರಿಗೂ ಒಳ್ಳೇದಾಗ್ಲಿ." ನಡುವಿನದನ್ನು ತೆಗೆದು, ಹೊಲಿಗೆ ಕಾಣದ ಹಾಗೆ ಎರಡು ತುದಿಯನ್ನು ಸೇರಿಸಿದ್ದೆ. ನನ್ನ ಕೈಯಿಂದ ಅಷ್ಟು ನಯವಾದ ಕೆಲಸ ಹಿಂದೆ ಯಾವತ್ತೂ ಆಗಿರಲಿಲ್ಲ.

ಮಂಗಳವಾರ ಗಿರಿಜಕ್ಕ ಅಂಗಡಿಗೆ ಬಂದರು. ಬೈಯಲು ಬಂದಿದ್ದಾರೆಂದು ಟೋನರ್ ಡಬ್ಬ ಹುಡುಕುವ ನೆಪದಲ್ಲಿ ಮೇಜಿನಡಿ ಬಗ್ಗಿದೆ. ಅವರು ಅಲ್ಲಿಗೇ ಬಗ್ಗಿ ಕೇಳಿದರು: "ಅಣ್ಣ, ನನ್ನ ಮಾತು ಮಿಷನ್ನಲ್ಲಿ ಎಲ್ಲೋ ಸಿಕ್ಕಾಕ್ಕೊಂಡಿದೆ ಅನ್ಸುತ್ತೆ. ನಾನು ಮೆತ್ತಗೆ ಹೇಳಿದ್ನೋ ಏನೋ. ಇನ್ನೊಂದ್ಸಲ ಜೋರಾಗಿ ಹೇಳ್ಲಾ?"

ಆಗಲೂ ನಿಜ ಹೇಳಬಹುದಿತ್ತು. "ಹೌದು, ಮಿಷನ್ ಸ್ವಲ್ಪ ತೊಂದರೆ" ಎಂದೆ. ಅವರು ಮತ್ತೆ ಹೇಳಿದರು, ಜೋರಾಗಿ, ಎದುರಿನ ಬೇಕರಿಯವರಿಗೂ ಕೇಳುವಷ್ಟು. ನಾನು ಫೋನು ಹಿಡಿದು ಕೂತಿದ್ದೆ. ರೆಕಾರ್ಡಿನ ಗುಂಡಿ ಒತ್ತಿರಲಿಲ್ಲ.

ಅಮ್ಮನಿಗೆ ತಿಳಿಯದ್ದು ಮಗಳಿಗೆ ತಿಳಿಯಿತು. ಮುಂದಿನ ಭಾನುವಾರವೂ ಅಮ್ಮನ ಮಾತು ಬರದಿದ್ದಾಗ, ಚೈತ್ರಾ ಅದನ್ನು ತಾನೇ ರೆಕಾರ್ಡ್ ಮಾಡಿ ನೇರವಾಗಿ ಗುಂಪಿಗೆ ಹಾಕಿದಳು. ಹೆಸರು, ಬೇಲಿ, ಕುರ್ಚಿ, ಹಳ್ಳ, ಎಲ್ಲ ಇತ್ತು. ಹತ್ತು ನಿಮಿಷದಲ್ಲಿ ಚಿಕ್ಕಪ್ಪನ ಫೋನು. "ಏನ್ ಅಳಿಯಂದ್ರೇ, ನಿಮ್ಮ ಕಾರ್ಯಕ್ರಮದಲ್ಲಿ ನಮ್ಮ ಹೆಸರೂ ಬಂತಂತೆ! ಚೆನ್ನಾಗಿ ನಡ್ಸಿ, ಚೆನ್ನಾಗಿ ನಡ್ಸಿ" ಎಂದು ನಕ್ಕರು. ಬೈದಿದ್ದರೆ ಒಂದು ವೇಳೆ ತಡೆದುಕೊಳ್ಳುತ್ತಿದ್ದೆ. ಆ ನಗುವಿಗೆ ನನ್ನ ಬೆರಳು ತಾನಾಗಿಯೇ ಓಡಿ ಚೈತ್ರಾಳ ಸಂದೇಶ ಅಳಿಸಿತು. ಓಡಿದ ರಭಸದಲ್ಲೇ, ಇನ್ನು ಮುಂದೆ ಅಡ್ಮಿನ್ ಮಾತ್ರ ಸಂದೇಶ ಕಳಿಸಬಹುದು ಎಂಬ ಏರ್ಪಾಟನ್ನೂ ಮಾಡಿತು.

ಮೇಷ್ಟ್ರು ಶೆಟ್ಟಿಕೊಪ್ಪದಿಂದ ಬಸ್ಸಿಗೆ ಬಂದರು. ಕೂತುಕೊಳ್ಳಲಿಲ್ಲ. "ಗುಂಪಿಗೆ ಹಾಕಿದ ಬೀಗ ತೆಗಿ" ಎಂದರು.

"ನನ್ನ ಮನೆ ಪರಿಸ್ಥಿತಿ ಹಾಗಿದೆ ಮೇಷ್ಟ್ರೇ" ಎಂದೆ.

"ಅವಳ ಮನೆ ಪರಿಸ್ಥಿತಿ ಕೇಳಿದ್ಯಲ್ಲ, ಎರಡು ಸಲ?"

ನಾನು ಯಂತ್ರದ ಗಾಜು ಒರೆಸತೊಡಗಿದೆ. ಅವರು ಕಾದು ನೋಡಿ, ಫೋನು ತೆಗೆದು ನನ್ನೆದುರೇ ಗುಂಪಿನಿಂದ ಹೊರಬಿದ್ದು ಹೊರಟರು. ಗಿರಿಜಕ್ಕ ಮತ್ತೆ ಬರಲಿಲ್ಲ. ಚೈತ್ರಾ ಕಾಲೇಜಿಗೆ ಹೋಗುವಾಗ ರಸ್ತೆಯ ಆ ಬದಿಯಲ್ಲಿ ನಡೆಯುತ್ತಾಳೆ. ಅತ್ತೆ ಮಳೆಗಾಲದಲ್ಲಿ ತೀರಿಕೊಂಡರಂತೆ. ಈ ಸುದ್ದಿ ನನಗೆ ತಿಳಿದದ್ದು ನಕಲು ಮಾಡಿಸಲು ಬಂದ ಬೇಗಾರಿನ ಯಾರದೋ ಅರ್ಜಿಯಿಂದ. ಗೇಟಿಗೆ ಈಗಲೂ ಬೀಗವಿದೆ.

ಮೊನ್ನೆ ಎನ್.ಆರ್. ಪುರದಲ್ಲಿ ನನಗೊಂದು ಸನ್ಮಾನ ನಡೆಯಿತು. ಜನಸಾಮಾನ್ಯರ ದನಿಗೆ ವೇದಿಕೆ ಕೊಟ್ಟಿದ್ದಕ್ಕಂತೆ. ಶಾಲು ಹೊದಿಸಿದವರು ಚಿಕ್ಕಪ್ಪ. ಬೇಡ ಅನ್ನಲು ಬಾಯಿ ತೆರೆದೆ, ಅದರಿಂದ "ಧನ್ಯವಾದ" ಹೊರಬಂತು. ಎರಡು ಮಾತಾಡಿ ಎಂದು ಮೈಕು ಕೊಟ್ಟರು. ಬಡವನ ಮಾತು ಹೇಗೆ ಅಮೂಲ್ಯ, ಅದನ್ನು ತಡೆಯುವ ಹಕ್ಕು ಹೇಗೆ ಯಾರಿಗೂ ಇಲ್ಲ ಎಂದು ಇಪ್ಪತ್ತೆರಡು ನಿಮಿಷ ಮಾತಾಡಿದೆ. ಚಪ್ಪಾಳೆಯೂ ಬಂತು. ಕೆಳಗಿಳಿದಾಗ ಒಬ್ಬರು, "ಪೂರ್ತಿ ರೆಕಾರ್ಡ್ ಮಾಡಿದೀನಿ ಸಾರ್, ಗುಂಪಿಗೆ ಹಾಕಕ್ಕೆ ಆಗ್ತಿಲ್ಲ" ಎಂದರು.

ನನಗೆ ಕಳಿಸಲು ಹೇಳಿದೆ. ಮನೆಗೆ ಬಂದು ನಾನೇ ಹಾಕಿದೆ. ಒಂದು ಮಾತನ್ನೂ ಕತ್ತರಿಸಲಿಲ್ಲ.